ಗ್ಯಾನ ಹಾಲಿನ ಮೇಲೆ

"ಇದ್ಯಾರು?" ಎಂದಳು ವನಿತಾ.

ಕೈಯಲ್ಲಿದ್ದದ್ದು ಅಂಗೈಯಗಲದ ರಟ್ಟು. ಅದರ ಮೇಲೆ ಬಸ್ಸಿನ ಕಿಟಕಿ ಪಕ್ಕ ಕುಳಿತ ಹೆಣ್ಣೊಬ್ಬಳು, ಹಿಂದಿನಿಂದ ಕಂಡಂತೆ. ಮುಖವಿಲ್ಲ. ತುಂಬು ಜಡೆ, ಕನಕಾಂಬರ, ಜಡೆ ಸರಿದ ಜಾಗದಲ್ಲಿ, ಕತ್ತಿನ ಹಿಂದೆ, ಜೋಡಿ ಸಾಸಿವೆಯಂಥ ಎರಡು ಮಚ್ಚೆ.

"ಗ್ಯಾನ," ಎಂದ ಮಹೇಂದ್ರ. "ನೀವ್ ಕೇಳಿದ್ ಚಿತ್ರ."

"ಪದ ಗೊತ್ತು. ಹುಡುಗಿ ಯಾರು?"

ಅವನು ಬಣ್ಣವೇ ಇಲ್ಲದ ಬೆರಳನ್ನು ಬಟ್ಟೆಗೆ ಒರೆಸಿಕೊಂಡ. "ಇದ್ದಾರೆ ಒಬ್ರು."

ಇದ್ದಾರೆ ಒಬ್ರು. ವನಿತಾಳಿಗೆ ಮೊದಲು ಗೊತ್ತುಮಾಡಿದ್ದ ಸಂಬಂಧದ ಹುಡುಗನೂ ನಿಶ್ಚಿತಾರ್ಥದ ಬಟ್ಟೆ ತಂದ ಮೇಲೆ ಹೀಗೆಯೇ ಅಂದಿದ್ದ. ಅಂದಿನಿಂದ ಅವಳಿಗೆ ನಗುವ ಗಂಡಸನ್ನು ಕಂಡರೆ, ಆ ನಗು ಯಾರಿಗಾಗಿ ಹೊರಟದ್ದೋ ಎಂದು ಹಿಂತಿರುಗಿ ನೋಡುವ ಚಾಳಿ. ಈಗ ನೋಡಿದರೆ ಈ ಮಹೇಂದ್ರ ಮೊನ್ನೆ ತಾನೇ ಕೇಳಿದ್ದ, "ಭಾನುವಾರ ಅಮ್ಮನ್ನ ನಿಮ್ಮನೆಗೆ ಕರ್ಕೊಂಡ್ ಬರ್ಲಾ?" ಅವಳಿನ್ನೂ ಉತ್ತರ ಕೊಟ್ಟಿರಲಿಲ್ಲ.

ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ಅವಳ ಕೆಲಸ. ಯಲಹಂಕದ ಆ ಪುಟ್ಟ ಕ್ಲಿನಿಕ್ಕಿಗೆ ಬೋರ್ಡು ಬರೆಯಲು ಬಂದವನು ಮಹೇಂದ್ರ. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷಿಗೆ ಕೆಲಸ ಕಡಿಮೆಯಾಗಿತ್ತು. ಅವಳೇ ಕೇಳಿ ಚಿತ್ರದ ಕಾರ್ಡುಗಳನ್ನು ಬರೆಸಿಕೊಂಡಳು. ಚೊಂಬು, ಹಸು, ಬಾಗಿಲು. ಚಿತ್ರ ನೋಡಿ ಪದ ಹೇಳುವುದು ರೋಗಿಯ ಪಾಠ.

ಅಲ್ಲಿಗೆ ಹೆಸರಘಟ್ಟದ ಕಡೆಯ ಮುನಿಕೆಂಪಮ್ಮ ಬರುತ್ತಿದ್ದಳು, ಸೊಸೆ ನೀಲಕ್ಕನ ಹೆಗಲು ಹಿಡಿದು. ಮುದುಕಿಯ ಬಾಯಲ್ಲಿ ಉಳಿದಿದ್ದದ್ದು ಒಂದೇ ಪದ: ಗ್ಯಾನ.

"ಗ್ಯಾನ ಅಂದ್ರೆ ನೆನಪಾ?" ಎಂದು ವನಿತಾ ಕೇಳಿದ್ದಳು.

"ನೆನಪೇ ಬ್ಯಾರೆ ಕಣಮ್ಮ," ಅಂದಿದ್ದಳು ನೀಲಕ್ಕ. "ನೆನಪು ಓಗ್ತದೆ, ಬತ್ತದೆ. ಒಲೆ ಮ್ಯಾಲೆ ಆಲಿಟ್ಟು ಅಂಗಳ ಗುಡಿಸ್ತಿರ್ತೀವಲ್ಲ, ಕೈ ಪೊರಕೆ ಮ್ಯಾಲೆ, ಗ್ಯಾನ ಆಲಿನ್ ಮ್ಯಾಲೆ. ದೇವ್ರನ್ನೂ ಅಂಗೇ ಇಟ್ಕೋಬೇಕು ಅಂತ ನಮ್ಮತ್ತೆ ಏಳೋದು."

ಮೂಲೆಯಲ್ಲಿ ಬಣ್ಣ ಕಲಸುತ್ತಿದ್ದ ಮಹೇಂದ್ರನೂ ಅದನ್ನು ಕೇಳಿಸಿಕೊಂಡಿದ್ದ. ಹಾಲಿನ ಪಾತ್ರೆ ಬರೆದು ತರುತ್ತಾನೆಂದು ವನಿತಾ ಎಣಿಸಿದ್ದಳು. ತಂದದ್ದು ಇವಳನ್ನು.

ಹಾಗಾದರೆ ಇವನ ಕೈ ಕಾರ್ಡಿನ ಮೇಲೆ, ಮಾತು ನನ್ನ ಮೇಲೆ, ಗ್ಯಾನ ಈ ಮಚ್ಚೆಯವಳ ಮೇಲೆ.

"ಚೆನ್ನಾಗಿದ್ದಾರೆ," ಎಂದಳು.

"ಹೌದು," ಎಂದ ಅವನು, ನಾಚಿಕೆಯಿಲ್ಲದೆ.

"ಮುಖ ಯಾಕ್ ಬರೀಲಿಲ್ಲ?"

"ಆಗ ನೋಡಿರ್ಲಿಲ್ಲ."

"ಈಗ?"

"ಈಗ ನೋಡ್ತಾನೇ ಇದೀನಿ." ಕಣ್ಣೆತ್ತಿದವನು ಅವಳ ನೋಟಕ್ಕೆ ಹೆದರಿ ಇಳಿಸಿಕೊಂಡ. ಕಳ್ಳನ ಕಣ್ಣು ಅನ್ನಿಸಿತು ಅವಳಿಗೆ.

"ಭಾನುವಾರ ನಮ್ಮನೇಲಿ ಪೂಜೆ ಇದೆ," ಎಂದಳು. ಇರಲಿಲ್ಲ.

ಅವನು ತಲೆಯಾಡಿಸಿ, ಬಣ್ಣದ ಡಬ್ಬಿಗಳನ್ನು ಒಂದೊಂದಾಗಿ ಮುಚ್ಚತೊಡಗಿದ. ಸಂಜೆಗೆ ಈ ಕೆಲಸವೂ ಮುಗಿಯುತ್ತಿತ್ತು. ನಾಳೆಯಿಂದ ಅವನು ಇತ್ತ ಬರುವ ನೆಪವಿಲ್ಲ.

ಅಷ್ಟರಲ್ಲಿ ಮುನಿಕೆಂಪಮ್ಮ ಬಂದಳು. ವನಿತಾ ಮನಸ್ಸಿಲ್ಲದ ಮನಸ್ಸಿನಿಂದ ಹೊಸ ಕಾರ್ಡನ್ನು ಮುದುಕಿಯ ಮಡಿಲಲ್ಲಿಟ್ಟು, ಬಿದ್ದ ಪೆನ್ಸಿಲ್ಲಿಗೆಂದು ಬಗ್ಗಿದಳು. ಜಡೆ ಪಕ್ಕಕ್ಕೆ ಜಾರಿತು.

ಕತ್ತಿನ ಹಿಂದೆ ಒರಟು ಬೆರಳೊಂದು ತಾಗಿತು. ಒಂದು ಕಡೆ ಒತ್ತಿತು. ಅದರ ಪಕ್ಕದಲ್ಲೇ ಇನ್ನೊಮ್ಮೆ.

"ಇ... ಇವ್ಳು," ಎಂದಳು ಮುನಿಕೆಂಪಮ್ಮ.

ಹೊಸ ಪದ ಬಂತೆಂದು ನೀಲಕ್ಕ ಕೈಮುಗಿದಳು. ಆಮೇಲೆ ಕಾರ್ಡನ್ನೂ ಕತ್ತನ್ನೂ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ನಮ್ಮವ್ವ, ನಿನ್ ಬೆನ್ ಮ್ಯಾಲಿರೋ ಮಚ್ಚೆ ನಿಂಗೇ ತಿಳೀದಾ?"

ತನ್ನ ಬೆನ್ನು ತನಗೆ ಕಾಣದು ಅಂತ ಹಿರಿಯರು ಅಂದದ್ದು ತಪ್ಪು ತೋರಿಸುವುದಕ್ಕೆ. ಹಿಂದೆ ಕುಳಿತು ಯಾರೋ ಮೆಚ್ಚಿಕೊಂಡದ್ದೂ ಕಾಣದು. ದೇವರು ಆ ಎರಡು ಸಾಸಿವೆಯನ್ನು ಇಟ್ಟದ್ದು, ಅವಳು ನೋಡಲೆಂದಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ಅವನು ಡಬ್ಬಿಯ ಚೀಲ ಹಿಡಿದು ದೂರ ನಿಂತಿದ್ದ. ಅವಳೇ ಹೋದಳು.

"ಯಾವಾಗಿಂದ?"

"ಗೊರಗುಂಟೆಪಾಳ್ಯಕ್ಕೆ ಹೋಗೋ ಬಸ್ಸಲ್ಲಿ. ಲೇಡೀಸ್ ಸೀಟ್ ಮುಂದೆ, ನಮ್ದು ಹಿಂದೆ. ಬೋರ್ಡ್ ಬರೆಯೋಕ್ ಬಂದಾಗ ನೀವ್ ಬೀರು ಕಡೆ ತಿರುಗಿದ್ರಿ. ಗುರುತು ಸಿಕ್ತು."

"ಕೇಳ್ದಾಗ ಹೇಳ್ಬಾರ್ದಿತ್ತಾ?"

"ಹಿಂದೆ ಕೂತು ನಿಮ್ಮನ್ನೇ ನೋಡ್ತಿದ್ದೆ ಅಂದ್ರೆ ಅನುಮಾನ ಪಡ್ತಿರ್ಲಿಲ್ವಾ?"

"ಪಡ್ತಿದ್ದೆ."

"ಈಗ?"

"ಈಗ್ಲೂ ಸ್ವಲ್ಪ ಇದೆ. ಅದು ನನ್ ಜೊತೇಲೇ ಬರುತ್ತೆ, ಸಹಿಸ್ಕೋಬೇಕು."

"ಬರ್ಲಿ ಬಿಡಿ," ಎಂದ. ನಗು ತುಟಿಗೆ ಬರಲೋ ಬೇಡವೋ ಎಂದು ನಿಂತಿತ್ತು. "ಭಾನುವಾರ ಪೂಜೆ ಅಂದ್ರಲ್ಲ?"

"ಪೂಜೆ ಇಲ್ಲ. ಅಮ್ಮನ್ನ ಕರ್ಕೊಂಡ್ ಬನ್ನಿ. ತಡ ಮಾಡ್ಬೇಡಿ, ಹಾಲು ಒಲೆ ಮೇಲಿರುತ್ತೆ."

ಬಸ್ಸು ಬಂತು. ಅವಳು ಮುಂದಿನ ಬಾಗಿಲಿಂದ ಹತ್ತಿದಳು, ಅವನು ಹಿಂದಿನಿಂದ. ಕಿಟಕಿ ಪಕ್ಕ ಕುಳಿತಳು. ಹಿಂತಿರುಗಿ ನೋಡುವ ಚಾಳಿಯವಳು ಇಂದು ತಿರುಗಲಿಲ್ಲ. ಜಡೆಯನ್ನು ಮೆಲ್ಲಗೆ ಎಳೆದು, ಹೆಗಲ ಮುಂದಕ್ಕೆ ಹಾಕಿಕೊಂಡಳು.