ರಾಜಿ ಗಲ್ಲಿಯಲ್ಲಿ ಸಿಕ್ಕಿಬಿದ್ದ ಪೆಟ್ಟಿಗೆಗಳು

“ಹಿಂದಕ್ಕೆ ತಳ್ಳು!”

“ತಳ್ದೆ ಬಾಬಾ. ಹೋಗಲ್ಲ.”

“ಹಾಗಾದ್ರೆ ಮುಂದಕ್ಕೆ ನೂಕು!”

“ಮುಂದಕ್ಕೂ ಹೋಗಲ್ಲ.”

“ಅದ್ಹೇಗೆ? ಎರಡ್ರಲ್ಲಿ ಒಂದಾದ್ರೂ ಆಗ್ಲೇಬೇಕಲ್ಲ!”

ಆಗಲಿಲ್ಲ. ಬಾಬಾನ ಮೋಟಾರ್ ಸೈಕಲ್ಲು ಗಲ್ಲಿಯ ನಟ್ಟನಡುವೆ ಸಿಕ್ಕಿಕೊಂಡಿತ್ತು. ಎಡಗಡೆಯ ಪೆಟ್ಟಿಗೆ ಎಡಗೋಡೆಗೆ ಒತ್ತಿಕೊಂಡಿತ್ತು, ಬಲಗಡೆಯದು ಬಲಗೋಡೆಗೆ. ಹಿಂದಿನ ಸೀಟಿನಲ್ಲಿದ್ದ ಮಗಳು ಗೊಲ್ನಾರ್ ಎರಡು ಕಾಲನ್ನೂ ಗೋಡೆಗೆ ಕೊಟ್ಟು ಒದ್ದಳು. ಗಾಡಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೇಲಿನಿಂದ ಒಂದಿಷ್ಟು ಮಣ್ಣು ಉದುರಿ ಬಾಬಾನ ಬೋಳುತಲೆಯ ಮೇಲೆ ಬಿತ್ತು, ಅಷ್ಟೇ.

ಸ್ಕೂಲಿನ ಗಂಟೆ ಹೊಡೆಯಲು ಇನ್ನು ಅರ್ಧ ಗಂಟೆಯೂ ಇರಲಿಲ್ಲ. ಆದರೆ ಗೊಲ್ನಾರ್‌ಗೆ ಸ್ಕೂಲಿನ ಚಿಂತೆ ಇರಲಿಲ್ಲ. ಅವಳ ಚಿಂತೆಯೆಲ್ಲ ಸೆಪೀದೆಯದು. ಪಕ್ಕದ ಮನೆಯ ಸೆಪೀದೆ ರೊಟ್ಟಿ ತರಲು ಅಂಗಡಿಗೆ ಹೋಗಿದ್ದಳು. ಈಗ ಯಾವ ಕ್ಷಣದಲ್ಲಾದರೂ ಎದುರಿನಿಂದ ಬರಬಹುದು.

ಸೆಪೀದೆ ಅಂದರೆ ಗೊಲ್ನಾರ್‌ಳ ಜೀವದ ಗೆಳತಿ. ಅಂದರೆ, ಶನಿವಾರದ ತನಕ ಆಗಿದ್ದಳು. ಈಗ ಟೂ ಬಿಟ್ಟು ಐದನೇ ದಿನ.

ಯಜ್ದ್ ಊರಿನ ಹಳೇ ಕೇರಿಯಲ್ಲಿ ಟೂ ಬಿಟ್ಟುಕೊಂಡು ಬದುಕುವುದು ಸುಲಭವಲ್ಲ. ಅದರಲ್ಲೂ ಇವರ ಗಲ್ಲಿಯಲ್ಲಿ. ಅದರ ಹೆಸರೇ ರಾಜಿ ಗಲ್ಲಿ. ಅಷ್ಟು ಕಿರಿದು. ಇಬ್ಬರು ಎದುರಾದರೆ ಇಬ್ಬರೂ ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದುಕೊಂಡು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ದಾಟಬೇಕು. ಜಗಳವಾಡಿದವರು ಇಲ್ಲಿ ಎದುರುಬದುರಾದರೆ ರಾಜಿಯಾಗಿಯೇ ಆಚೆ ಹೋಗಬೇಕೆಂಬುದು ಅಜ್ಜ ಮುತ್ತಜ್ಜಂದಿರ ಕಾಲದ ಪದ್ಧತಿ. ಗೊಲ್ನಾರ್‌ಗೆ ರಾಜಿ ಬೇಕಿರಲಿಲ್ಲ. ಅದಕ್ಕೇ ಐದು ದಿನದಿಂದ ಕಳ್ಳಬೆಕ್ಕಿನಂತೆ ಬಾಗಿಲ ಸಂದಿಯಿಂದ ಇಣುಕಿ, ಗಲ್ಲಿ ಖಾಲಿ ಇದ್ದಾಗಲೇ ಓಡುತ್ತಿದ್ದಳು. ಸೆಪೀದೆಯೂ ಅವಳ ಮನೆ ಬಾಗಿಲಿನಿಂದ ಹಾಗೇ ಇಣುಕುತ್ತಿದ್ದಳು. ಒಮ್ಮೆ ಇಬ್ಬರೂ ಒಟ್ಟಿಗೇ ಇಣುಕಿ, ಒಟ್ಟಿಗೇ ಬಾಗಿಲು ಹಾಕಿಕೊಂಡು, ಇಬ್ಬರೂ ಸ್ಕೂಲಿಗೆ ಲೇಟಾಗಿದ್ದರು.

ಜಗಳ ಯಾತಕ್ಕೆ ಅಂತೀರಿ? ಈ ಪೆಟ್ಟಿಗೆಗಳ ದೆಸೆಯಿಂದಲೇ!

ಬಾಬಾ ಮನೆಮನೆಗೆ ಹೋಗಿ ಕೂಲರ್ ರಿಪೇರಿ ಮಾಡುತ್ತಿದ್ದರು. ಸ್ಪ್ಯಾನರ್, ಪೈಪು, ಮೋಟರು ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿ ಹಿಂದಿನ ಸೀಟಿಗೆ ಕಟ್ಟುತ್ತಿದ್ದರು. ಚೀಲ ಹರಿದು ದಾರಿಯುದ್ದಕ್ಕೂ ಸಾಮಾನು ಬೀಳುತ್ತಿತ್ತು. “ಖೊಸ್ರೋ ಎಲ್ಲಿಗೆ ಹೋಗಿದ್ದಾನೆ ಅಂತ ಕೇಳೋದೇ ಬೇಡ, ನಟ್ಟು ಬೋಲ್ಟು ಆರಿಸ್ಕೊಂಡು ಹೋದ್ರೆ ಸಿಗ್ತಾನೆ” ಅಂತ ಕೇರಿಯವರು ನಗುತ್ತಿದ್ದರು.

ಬೀಬಿ, ಅಂದರೆ ಬಾಬಾನ ಅಮ್ಮ, ಒಂದು ಹಸಿಬೆ ಚೀಲ ನೇಯ್ದು ಕೊಟ್ಟರು. ಸೀಟಿನ ಮೇಲೆ ಹಾಸಿದರೆ ಆ ಕಡೆಗೊಂದು ಈ ಕಡೆಗೊಂದು ಜೋತುಬೀಳುವ ಜೋಡಿ ಚೀಲ. ಕೆಂಪು, ಕಪ್ಪು ಬಣ್ಣದ ಗಟ್ಟಿ ನೇಯ್ಗೆ. ಕೇರಿಯ ಅರ್ಧ ಗಾಡಿಗಳ ಮೇಲೆ ಅಂಥದ್ದೇ ಇತ್ತು.

“ಅಮ್ಮಾ, ಇದು ಕತ್ತೆ ಮೇಲೆ ಹಾಕೋದು” ಅಂದರು ಬಾಬಾ.

“ಕತ್ತೆ ಯಾವತ್ತಾದ್ರೂ ನಟ್ಟು ಬೀಳಿಸಿದ್ದು ನೋಡಿದ್ದೀಯಾ?” ಅಂದರು ಬೀಬಿ.

ಅಂಗಡಿಯವನು ಸೀಟಿನ ಹಿಂದೆ ಕೂರಿಸುವ ಕಪ್ಪು ಪ್ಲಾಸ್ಟಿಕ್ ಡಬ್ಬಿ ತೋರಿಸಿದ. ಬಾಬಾ ಅದರೊಳಗೆ ತಲೆ ಹಾಕಿ ನೋಡಿದರು. “ಒಂದು ಹೆಲ್ಮೆಟ್ಟು, ಅರ್ಧ ಕಲ್ಲಂಗಡಿ. ಅಷ್ಟೇ ಹಿಡಿಯೋದು” ಅಂತ ವಾಪಸ್ ಬಂದರು.

ಅಷ್ಟರಲ್ಲಿ ಒಂದು ದಿನ ಹೋಟೆಲ್ ಒಂದರ ಮುಂದೆ ವಿದೇಶಿ ಪ್ರವಾಸಿಯೊಬ್ಬನ ದೊಡ್ಡ ಮೋಟಾರ್ ಸೈಕಲ್ ನಿಂತಿತ್ತು. ಎರಡು ಪಕ್ಕದಲ್ಲೂ ಫಳಫಳ ಹೊಳೆಯುವ ಅಲ್ಯೂಮಿನಿಯಂ ಪೆಟ್ಟಿಗೆಗಳು. ಬಾಬಾ ಅದಕ್ಕೆ ಮೂರು ಸುತ್ತು ಬಂದರು. ಗೊಲ್ನಾರ್ ನಾಲ್ಕು ಸುತ್ತು ಬಂದಳು. ಮಾರನೇ ದಿನವೇ ಬಾಬಾ ತಗಡಿನ ಕೆಲಸದ ಮೇಸ್ತ್ರಿ ಉಸ್ತಾ ಯದೊಲ್ಲಾನ ಅಂಗಡಿಯಲ್ಲಿ ಕೂತಿದ್ದರು.

“ಮುಚ್ಚಳ ಮೇಲಕ್ಕೆ ತೆಗೆಯೋ ಹಾಗೆ ಮಾಡ್ಲಾ, ಪಕ್ಕಕ್ಕಾ?” ಕೇಳಿದ ಉಸ್ತಾ.

“ಪಕ್ಕಕ್ಕೆ! ಬೀರು ಬಾಗಿಲ ಥರ. ಗತ್ತಾಗಿರುತ್ತೆ.”

ಗೊಲ್ನಾರ್‌ಗೆ ಹೊಟ್ಟೆಯಲ್ಲಿ ಗುಟ್ಟು ನಿಲ್ಲಲಿಲ್ಲ. ಶನಿವಾರ ಆಟದ ಪೀರಿಯಡ್ಡಿನಲ್ಲಿ ಸೆಪೀದೆಗೆ ಹೇಳಿಯೇಬಿಟ್ಟಳು. “ನಮ್ ಗಾಡಿ ಇನ್ಮೇಲೆ ಪ್ರಪಂಚ ಸುತ್ತೋ ಗಾಡಿ ಥರ ಇರುತ್ತೆ, ಗೊತ್ತಾ?”

ಸೆಪೀದೆ ಪಕ್ಕನೆ ನಕ್ಕಳು. “ನಿಮ್ಮಪ್ಪ ಸುತ್ತೋದು ಎರಡು ಬೀದಿ. ಅದಕ್ಕೆ ಕತ್ತೆ ಚೀಲಾನೇ ಸಾಕು.”

ಅಷ್ಟೇ! ಅಲ್ಲಿಗೆ ಮುಗಿಯಿತು. ಟೂ ಅಂದರೆ ಟೂ. ಪೆಟ್ಟಿಗೆ ಕಟ್ಟಿದ ಗಾಡಿಯಲ್ಲಿ ಸ್ಕೂಲ್ ಗೇಟಿನ ಮುಂದೆ ಎಲ್ಲರ ಎದುರಿಗೆ ಇಳಿಯಬೇಕು, ಸೆಪೀದೆ ಬಾಯಿ ಬಿಟ್ಟುಕೊಂಡು ನೋಡಬೇಕು, ಅವಳೇ ಓಡಿ ಬಂದು ಮೊದಲು ಮಾತಾಡಬೇಕು. ಅಲ್ಲಿಯ ತನಕ ತುಟಿ ಬಿಚ್ಚುವುದಿಲ್ಲ ಎಂದು ಗೊಲ್ನಾರ್ ಹಟ ಹಿಡಿದಳು.

ನಿನ್ನೆ ಉಸ್ತಾ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ತಂದು ಕೊಟ್ಟ. ಬಾಬಾ ಮನೆಯ ಅಂಗಳದಲ್ಲೇ ಗಾಡಿಗೆ ಬಿಗಿದರು.

ಗಲ್ಲಿಯ ಅಳತೆ ತೆಗೆದಿರಲಿಲ್ಲವೇ ಅಂದರೆ, ತೆಗೆದಿದ್ದರು! ಹೋದ ಬೇಸಿಗೆಯಲ್ಲಿ ಫ್ರಿಜ್ ತರುವಾಗ ಅಳೆದು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದರು. ಪೆಟ್ಟಿಗೆಗಳನ್ನು ಕರಾರುವಾಕ್ಕಾಗಿ ಆ ಲೆಕ್ಕಕ್ಕೇ, ಎರಡೂ ಕಡೆ ಎರಡು ಬೆರಳು ಬಿಟ್ಟು, ಮಾಡಿಸಿದ್ದರು. ಎಡವಟ್ಟಾಗಿದ್ದು ಬೇರೆ ಕಡೆ. ಬೇಸಿಗೆ ಕಳೆದ ಮೇಲೆ ಗಲ್ಲಿಯ ಎರಡೂ ಗೋಡೆಗೆ ಹುಲ್ಲು ಕಲಸಿದ ಮಣ್ಣಿನ ಗಿಲಾವು ಮೆತ್ತಿದ್ದರು. ಕೆಳಗಡೆ ಬೇಗ ಉದುರುತ್ತೆ ಅಂತ ಮೊಣಕಾಲಿನ ತನಕ ಎರಡು ಪಟ್ಟು ದಪ್ಪವಾಗಿ ಮೆತ್ತಿದ್ದರು. ಮೆತ್ತಿದ್ದು ಯಾರು? ಇದೇ ಖೊಸ್ರೋ ಬಾಬಾ.

“ಎಂಥಾ ಗಟ್ಟಿ ಕೆಲಸ ನೋಡು” ಎಂದು ಬಾಬಾ ಈಗ ಗೋಡೆ ತಟ್ಟಿ ನಿಟ್ಟುಸಿರಿಟ್ಟರು. “ಒಂಚೂರೂ ಅಲ್ಲಾಡ್ತಿಲ್ಲ.”

“ಪೆಟ್ಟಿಗೆ ಬಿಚ್ಚಿಬಿಡಿ ಬಾಬಾ!”

“ಬಿಚ್ಬೇಕು ಅಂದ್ರೆ ಸ್ಪ್ಯಾನರ್ ಬೇಕು.”

“ಸ್ಪ್ಯಾನರ್ ಎಲ್ಲಿ?”

“ಪೆಟ್ಟಿಗೆಯೊಳಗೆ.”

“ಪೆಟ್ಟಿಗೆ ತೆಗೀರಿ ಮತ್ತೆ!”

ಬಾಬಾ ಗೋಡೆಯತ್ತ ಬೆರಳು ತೋರಿಸಿದರು. ಪಕ್ಕಕ್ಕೆ ತೆರೆಯುವ ಬಾಗಿಲು. ಪಕ್ಕದಲ್ಲಿ ಗೋಡೆ. ಗೊಲ್ನಾರ್‌ಳ ಸ್ಕೂಲ್ ಬ್ಯಾಗೂ ಒಳಗೇ ಇತ್ತು. ಬಾಬಾನ ಊಟದ ಡಬ್ಬಿಯೂ ಒಳಗೇ ಇತ್ತು.

ಹಿಂದಿನಿಂದ ಬೀಬಿ ಚಪ್ಪಲಿ ಎಳೆದುಕೊಂಡು ಬಂದರು. ಗಾಡಿಯನ್ನು ನೋಡಿದರು, ಗೋಡೆಯನ್ನು ನೋಡಿದರು, ಮಗನನ್ನು ನೋಡಿದರು. “ಚೀಲ ಆಗಿದ್ರೆ ಮಡಚ್ಕೋತಿತ್ತು” ಅಂದರು.

“ಅಮ್ಮಾ, ದಮ್ಮಯ್ಯ, ಈಗ ಬೇಡ.”

“ನಾನೇನಂದೆ? ಏನೂ ಅನ್ನಲಿಲ್ಲಪ್ಪ.”

ಆಗ ಬಂದಳು ಸೆಪೀದೆ. ಎರಡೂ ಕೈಯ ಮೇಲೆ ಬಿಸಿಬಿಸಿ ಉದ್ದ ರೊಟ್ಟಿಗಳನ್ನು ಮಗುವಿನಂತೆ ಮಲಗಿಸಿಕೊಂಡು ಬಂದವಳು ಗಾಡಿಯ ಮುಂದೆ ಗಕ್ಕನೆ ನಿಂತಳು. ಗೊಲ್ನಾರ್ ತಟ್ಟನೆ ಆಕಾಶ ನೋಡಿದಳು. ಸೆಪೀದೆ ತನ್ನ ಶೂ ನೋಡಿಕೊಂಡಳು.

“ಸಲಾಂ ಅಮೂ ಖೊಸ್ರೋ” ಅಂದಳು ಸೆಪೀದೆ. ಅಪ್ಪನ ವಾರಿಗೆಯವರನ್ನೆಲ್ಲ ಮಕ್ಕಳು ಕರೆಯುವುದು ಅಮೂ ಎಂದೇ. “ನಾನು ಮನೆಗೆ ಹೋಗ್ಬೇಕಿತ್ತು.”

“ನಾನು ಹೊರಗೆ ಹೋಗ್ಬೇಕಿತ್ತು ಮಗಳೇ” ಅಂದರು ಬಾಬಾ.

ಬಿಸಿ ರೊಟ್ಟಿ ಹಿಡಿದು ಬರುವವರು ಎದುರಾದವರಿಗೆ ಒಂದು ತುಂಡು ಮುರಿದುಕೊಳ್ಳಿ ಅನ್ನದೆ ಹೋದರೆ ಅದಕ್ಕಿಂತ ದೊಡ್ಡ ಮರ್ಯಾದೆಗೇಡು ಇನ್ನೊಂದಿಲ್ಲ. ಸೆಪೀದೆ ಬಾಬಾನ ಮುಂದೆ ರೊಟ್ಟಿ ಚಾಚಿದಳು. ಬಾಬಾ ಮುರಿದುಕೊಂಡರು. ಹಿಂದಿನಿಂದ ಬೀಬಿ ಕೈ ನೀಡಿದರು, ಅವರಿಗೂ ಸಿಕ್ಕಿತು. ಉಳಿದವಳು ಗೊಲ್ನಾರ್.

“ಅಮೂ, ತಗೋ ಅಂತ ಅವಳಿಗೆ ಹೇಳಿ” ಅಂದಳು ಸೆಪೀದೆ.

“ತಗೋಬೇಕಂತೆ” ಅಂದರು ಬಾಬಾ.

“ನಂಗೆ ಹಸಿವಿಲ್ಲ ಅಂತ ಅವಳಿಗೆ ಹೇಳಿ ಬಾಬಾ.”

“ಹಸಿವಿಲ್ವಂತೆ.”

ಆಗ ಗೊಲ್ನಾರ್‌ಳ ಹೊಟ್ಟೆ ‘ಗುರ್ರ್ರ್’ ಎಂದು ಗಲ್ಲಿಗೆಲ್ಲ ಕೇಳುವಂತೆ ಸದ್ದು ಮಾಡಿತು.

“ಅದೇನೋ ಬೇರೆ ಹೇಳ್ತಿದೆಯಲ್ಲ” ಅಂದರು ಬೀಬಿ, ರೊಟ್ಟಿ ಅಗಿಯುತ್ತ.

ಗೊಲ್ನಾರ್‌ಗೆ ನಗು ಒತ್ತರಿಸಿಕೊಂಡು ಬಂತು. ತಡೆಯಲು ಕೆನ್ನೆಯ ಒಳಭಾಗ ಕಚ್ಚಿ ಹಿಡಿದಳು. ಕಳ್ಳಗಣ್ಣಿನಲ್ಲಿ ನೋಡಿದರೆ ಸೆಪೀದೆಯೂ ತುಟಿ ಬಿಗಿದು, ಮುಖ ಕೆಂಪು ಮಾಡಿಕೊಂಡು, ಗೋಡೆಯತ್ತ ತಿರುಗಿದ್ದಳು. ಅವಳ ಭುಜ ಕುಣಿಯುತ್ತಿತ್ತು. ಇಂಥದ್ದೊಂದು ನಡೆದಾಗ ಗೊಲ್ನಾರ್ ಮೊದಲು ಓಡಿ ಹೋಗಿ ಹೇಳುವುದೇ ಸೆಪೀದೆಗೆ. ಈಗ ಸೆಪೀದೆ ನಾಲ್ಕೇ ಅಡಿ ದೂರದಲ್ಲಿದ್ದಳು, ಆದರೂ ಹೇಳುವಂತಿರಲಿಲ್ಲ.

ರೊಟ್ಟಿಗಳು ಕೈಯಿಂದ ಕೈಗೆ ದಾಟಿ ಬೀಬಿಯನ್ನು ತಲುಪಿದವು. ಬೀಬಿ ಅವನ್ನು ಸೆಪೀದೆಯ ಮನೆಗೆ ಕೊಟ್ಟು, ಅವಳ ಸ್ಕೂಲ್ ಬ್ಯಾಗ್ ಹಿಡಿದು ವಾಪಸ್ ಬಂದರು. ಬರುವಷ್ಟರಲ್ಲಿ ಒಂದು ಉಪಾಯವನ್ನೂ ತಂದಿದ್ದರು.

“ಗೋಡೆ ದಪ್ಪ ಇರೋದು ಕೆಳಗೆ ತಾನೇ? ಗಾಡಿ ಹಿಂಭಾಗ ಒಂದು ಗೇಣು ಎತ್ತು. ಪೆಟ್ಟಿಗೆ ಬಿಡಿಸ್ಕೊಳ್ಳುತ್ತೆ. ಮುಂದಿನಿಂದ ಯಾರಾದ್ರೂ ನೇರವಾಗಿ ಎಳೀಲಿ.”

ಬಾಬಾ ಸೀಟು ಹತ್ತಿ, ಪೆಟ್ಟಿಗೆ ದಾಟಿ, ಹಿಂದಕ್ಕೆ ಧೊಪ್ಪೆಂದು ಇಳಿದರು. ಗೊಲ್ನಾರ್ ಪೆಟ್ರೋಲ್ ಟ್ಯಾಂಕಿನ ಮೇಲಿಂದ ಜಾರಿ ಮುಂದಕ್ಕೆ ಬಂದಳು. ಹ್ಯಾಂಡಲ್ಲಿನ ಎಡ ಹಿಡಿ ಗೊಲ್ನಾರ್‌ಗೆ, ಬಲ ಹಿಡಿ ಸೆಪೀದೆಗೆ. ಆ ಗಲ್ಲಿಯಲ್ಲಿ ಇಬ್ಬರೂ ಅಕ್ಕಪಕ್ಕ ನಿಲ್ಲಬೇಕೆಂದರೆ ಭುಜಕ್ಕೆ ಭುಜ ಅಂಟಲೇಬೇಕು. ಅಂಟಿಕೊಂಡೇ ನಿಂತರು, ಮುಖ ಮಾತ್ರ ಆ ಕಡೆಗೊಂದು ಈ ಕಡೆಗೊಂದು.

“ಎತ್ತಿದೆ!” ಕೂಗಿದರು ಬಾಬಾ.

ಗೊಲ್ನಾರ್ ಎಳೆದಳು. ಹ್ಯಾಂಡಲ್ ಅವಳ ಕಡೆ ತಿರುಗಿ ಗೋಡೆಗೆ ಗುದ್ದಿತು. ಆಮೇಲೆ ಸೆಪೀದೆ ಎಳೆದಳು. ಆ ಕಡೆಯ ಗೋಡೆಗೆ ಗುದ್ದಿತು. ಮಣ್ಣು ಹಿಂದೆ ನಿಂತಿದ್ದ ಬೀಬಿ ಹೊದ್ದ ಚಾದರದ ಮೇಲೂ ಉದುರಿತು.

“ಒಟ್ಟಿಗೆ ಎಳೀರೇ!”

“ನಾನು ಹೇಳಿದಾಗ ಎಳಿ ಅಂತ ಅವಳಿಗೆ ಹೇಳಿ ಬಾಬಾ!”

“ಅವಳ್ಯಾಕೆ ಹೇಳೋದು, ನಾನು ಹೇಳ್ತೀನಿ ಅಂತ ಹೇಳಿ ಅಮೂ!”

“ನಾನೇನು ಪೋಸ್ಟ್‌ಮ್ಯಾನಾ?” ಬಾಬಾನ ಮುಖ ಬೀಟ್‌ರೂಟಿನಂತಾಗಿತ್ತು. “ಇಲ್ಲಿ ನನ್ನ ಸೊಂಟ... ಅಯ್ಯಯ್ಯೋ... ನನ್ನ ಸೊಂಟ!”

ಆಮೇಲೆ ಅವರಿಂದ ಮಾತೇ ಹೊರಡಲಿಲ್ಲ. ಹಲ್ಲು ಕಚ್ಚಿ ಗಾಡಿಯನ್ನು ಎತ್ತಿ ಹಿಡಿದೇ ಇದ್ದರು. ಸುದ್ದಿ ಮುಟ್ಟಿಸಲು ಇನ್ನು ಯಾರೂ ಉಳಿದಿರಲಿಲ್ಲ. ಗೊಲ್ನಾರ್ ಬಾಬಾನನ್ನು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

“ಸೆಪೀದೆ!” ಎಂದು ಕಿರುಚಿದಳು. “ಮೂರು ಅಂದಾಗ ಎಳಿ! ಒಂದು, ಎರಡು...”

“ಮೂರು!” ಎಂದು ಇಬ್ಬರೂ ಕಿರುಚಿದರು.

ಗಾಡಿ ಒಂದು ಹೆಜ್ಜೆ ಬಂತು.

“ಬಂತು, ಬಂತು! ಮತ್ತೆ! ನಿನ್ ಕಡೆ ಜಾಸ್ತಿ ಎಳೀಬೇಡ್ವೇ!”

“ನೀನೇ ಕಮ್ಮಿ ಎಳೀತಿದ್ದೀಯ ಕಣೇ! ಒಂದು, ಎರಡು...”

ಹನ್ನೊಂದು ಸಲ ಒಂದು, ಎರಡು, ಮೂರು ಆದ ಮೇಲೆ ಗಾಡಿ ಕಿರ್ರೆಂದು ಪೆಟ್ಟಿಗೆ ಉಜ್ಜಿಕೊಳ್ಳುತ್ತ ಬೀದಿಗೆ ಬಂದು ನಿಂತಿತು. ಹುಡುಗಿಯರು ಹಿಂದಕ್ಕೆ ಬಿದ್ದು ಕೂತರು. ಬಾಬಾ ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕುಕ್ಕರಿಸಿದರು.

“ನೀನೇ ಮೊದ್ಲು ಮಾತಾಡಿದ್ದು” ಅಂದಳು ಸೆಪೀದೆ.

ಹೇಳುವುದಕ್ಕೆ ಬೇಕಾದಷ್ಟು ನೆಪಗಳಿದ್ದವು. ಬಾಬಾನ ಸೊಂಟಕ್ಕೋಸ್ಕರ ಅನ್ನಬಹುದಿತ್ತು. ಅದು ಮಾತಲ್ಲ, ಬರೀ ಎಣಿಸಿದ್ದು ಅನ್ನಬಹುದಿತ್ತು. ಗೊಲ್ನಾರ್ ಮಂಡಿಯ ಮೇಲಿನ ಮಣ್ಣು ಕೊಡವಿಕೊಂಡಳು.

“ಹೂಂ. ನಾನೇ” ಅಂದಳು.

ಸೆಪೀದೆ ಜಗಳಕ್ಕೆ ತಯಾರಾಗಿ ಕೂತಿದ್ದಳು. ಈ ಉತ್ತರ ಕೇಳಿ ಎದ್ದು, ಪೆಟ್ಟಿಗೆಯ ಹತ್ತಿರ ಹೋಗಿ ಒಂದು ಬೆರಳಿನಿಂದ ಮುಟ್ಟಿ ನೋಡಿದಳು. “ಹೊಳೆಯುತ್ತೆ. ಚೆನ್ನಾಗೇ ಇದೆ” ಅಂದಳು ಸಣ್ಣ ದನಿಯಲ್ಲಿ. “ಒಂದು ಮೂಲೆ ನೆಗ್ಗಿದೆ ಅಷ್ಟೇ.” ಆಮೇಲೆ ಗಲ್ಲಿಯ ಕಡೆ ತಿರುಗಿದಳು. “ಅಮೂ, ಸಂಜೆ ಇದನ್ನ ಮನೆಗೆ ಹೇಗೆ ತರ್ತೀರಿ?”

ಬಾಬಾ ಗಾಡಿ ನೋಡಿದರು. ಗಲ್ಲಿ ನೋಡಿದರು. ಅವರ ಮುಖ ಪೆಚ್ಚಾಗಿದ್ದನ್ನು ಕಂಡು ಮೊದಲು ನಕ್ಕವರು ಬೀಬಿ. ಆಮೇಲೆ ಹುಡುಗಿಯರಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕೊನೆಗೆ ಸೊಂಟ ಹಿಡಿದುಕೊಂಡೇ ಬಾಬಾನೂ ನಕ್ಕರು.

ನಗು ನಿಂತ ಮೇಲೆ ಬಾಬಾ ಪೆಟ್ಟಿಗೆ ತೆರೆದು ಗೊಲ್ನಾರ್‌ಳ ಬ್ಯಾಗ್ ಕೊಟ್ಟರು. “ಹತ್ತಿ ಇಬ್ಬರೂ. ಸ್ಕೂಲ್ ಗೇಟಿನ ಮುಂದೆನೇ ಇಳಿಸ್ತೀನಿ. ಎಲ್ಲರೂ ನೋಡ್ಲಿ.”

“ಬೇಡ ಬಾಬಾ. ನಾವು ನಡ್ಕೊಂಡ್ ಹೋಗ್ತೀವಿ.”

“ಲೇಟಾಗುತ್ತಲ್ಲೇ!”

“ಓಡ್ತೀವಿ!”

ಓಡಲಿಲ್ಲ. ಐದು ದಿನದ ಮಾತು ಒಳಗೆ ಹಾಗೇ ಕೂತಿತ್ತು. ಟೀಚರಮ್ಮನ ಚಪ್ಪಲಿ ಕಿತ್ತುಹೋದದ್ದು, ಬೆಕ್ಕು ಮರಿ ಹಾಕಿದ್ದು, ಒಟ್ಟಿಗೇ ಇಣುಕಿ ಒಟ್ಟಿಗೇ ಬಾಗಿಲು ಹಾಕಿಕೊಂಡದ್ದು, ಎಲ್ಲವನ್ನೂ ಹೇಳಬೇಕಿತ್ತು. ಅಷ್ಟೇ ಕೇಳುವುದೂ ಇತ್ತು.

ಸ್ಕೂಲ್ ಹತ್ತಿರ ಬಂದಾಗ ಬಾಬಾ ಪೋಂಪೋಂ ಎಂದು ಹಾರ್ನ್ ಹೊಡೆಯುತ್ತ ಅವರನ್ನು ದಾಟಿ ಹೋದರು. ಬಿಸಿಲಿಗೆ ಎರಡೂ ಪೆಟ್ಟಿಗೆಗಳು ಫಳಫಳ ಹೊಳೆದವು. ಗೇಟಿನಲ್ಲಿದ್ದ ಹುಡುಗಿಯರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

ಗೊಲ್ನಾರ್ ತಲೆಯೆತ್ತಲಿಲ್ಲ. ಸೆಪೀದೆಗೆ ಹೇಳುತ್ತಿದ್ದ ಐದು ದಿನದ ಕತೆಯಲ್ಲಿ ಅವಳಿನ್ನೂ ಶನಿವಾರವನ್ನೇ ದಾಟಿರಲಿಲ್ಲ.