ಅಗಿದು ತಿನ್ನುವ ಅಮ್ಮ

"ಲೇ ಕದಿರಿ, ನಿಮ್ಮಮ್ಮ ಮುದ್ದೆ ಅಗೀತಾಳಂತೆ! ಹೌದೇನೇ?"

ಮುನಿಸ್ವಾಮಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಿಟಕಿಯ ಕಟ್ಟೆ ಹತ್ತಿ ನಿಂತು, ದವಡೆಯನ್ನು ಆ ಕಡೆ ಈ ಕಡೆ ಆಡಿಸುತ್ತ, ಮೆಲುಕು ಹಾಕುವ ಎಮ್ಮೆಯ ಹಾಗೆ ಕಣ್ಣು ಅರ್ಧ ಮುಚ್ಚಿದ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

ನಗದೆ ಇನ್ನೇನು? ಆ ಊರಿನಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಚೂರು ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಕ್ಕನೆ ನುಂಗಬೇಕು. ಬೆಂಗಳೂರಿನಿಂದ ಬಂದ ನೆಂಟರ ಮಕ್ಕಳು ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಂಡರೆ ಅದೇ ಒಂದು ತಮಾಷೆ.

ಕದಿರಿಯ ಕೈಯಲ್ಲಿ ಸ್ಲೇಟು ಇತ್ತು. ಅದು ಯಾವಾಗ ಹಾರಿತೋ ಅವಳಿಗೇ ತಿಳಿಯಲಿಲ್ಲ. ಸ್ಲೇಟಿನ ಮರದ ಕಟ್ಟು ಮುರಿದು ಬಿತ್ತು. ಮುನಿಸ್ವಾಮಿ ಮೊಣಕಾಲು ಹಿಡಿದುಕೊಂಡು "ಸಾ... ಸತ್ತೆ ಸಾ..." ಎಂದು ಕೂಗಿಕೊಂಡ.

ಮೇಷ್ಟ್ರು ಬಂದರು. "ಏನಮ್ಮ ಇದು? ಹೆಣ್ಣುಮಗಳಾಗಿ ರೌಡಿ ಥರ?"

"ನಮ್ಮಮ್ಮನ್ನ ಆಡ್ಕೊಂಡ ಸಾ."

"ಏನಂದ?"

"ಮುದ್ದೆ ಅಗೀತಾಳೆ ಅಂದ."

ಮೇಷ್ಟ್ರ ಮೀಸೆ ಅಲುಗಿತು. ಒಳಗಿನಿಂದ ಬಂದ ನಗುವನ್ನು ಅವರು ಕೆಮ್ಮಿನಲ್ಲಿ ಮುಚ್ಚಿಕೊಂಡರು. "ಅಗೀತಾಳೇನು ಹಂಗಾದ್ರೆ?"

ಬೆತ್ತದಲ್ಲಿ ಹೊಡೆದಿದ್ದರೆ ಕದಿರಿ ಕೈ ಒಡ್ಡುತ್ತಿದ್ದಳು. ಆ ಮೀಸೆಯೊಳಗಿನ ನಗುವನ್ನು ಮಾತ್ರ ತಡೆಯಲಾಗಲಿಲ್ಲ. "ಹೂಂ ಸಾ, ಅಗೀತಾಳೆ. ಅಗೀದಿದ್ರೆ ಸಾಯ್ತಾಳೆ!" ಎಂದು ಕಿರುಚಿದಳು.

"ಹೊರಗೆ ನಿಂತ್ಕೊ ಹೋಗು," ಎಂದರು ಮೇಷ್ಟ್ರು.

ಅವಳು ಹೊಂಗೆ ಮರದ ಕೆಳಗೆ ಹೋಗಿ ನಿಂತಳು. ಒಳಗೆ ಮಗ್ಗಿ ಶುರುವಾಯಿತು. ಕದಿರಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮ ಯಾಕೆ ಅಗಿಯುತ್ತಾಳೆ ಅಂತ ಕೇಳುವವರು ಒಬ್ಬರಾದರೂ ಇದ್ದರೇ?

ಅಮ್ಮನ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಮನೆಯವರೆಲ್ಲ ಉಂಡು, ದನ ಕಟ್ಟಿ, ಪಾತ್ರೆ ತಳ ಕಾಣುವ ಹೊತ್ತಿಗೆ ಅಮ್ಮನ ಊಟ. ನೋವು ಬಂದರೆ ಬಿಸಿನೀರಿನ ಚೊಂಬನ್ನು ಹೊಟ್ಟೆಗೆ ಒತ್ತಿಕೊಂಡು ರಾಗಿ ಬೀಸುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ರಕ್ತ ಕಾರಿಕೊಂಡ ಮೇಲೆ ಅಪ್ಪ ಅವಳನ್ನು ಬಸ್ಸಿನಲ್ಲಿ ಮಲಗಿಸಿಕೊಂಡು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಸ್ಕೂಲಿಗೆ ರಜ. ಜೊತೆಗಿರಲು ಕದಿರಿಯೂ ಹೋದಳು.

ಡಾಕ್ಟರು ಕೂಡಲೇ ಆಪರೇಷನ್ ಮಾಡಲಿಲ್ಲ. "ಮೈಯಲ್ಲಿ ರಕ್ತಾನೇ ಇಲ್ಲ, ಮೊದಲು ಇವರಿಗೆ ಶಕ್ತಿ ಬರಲಿ," ಎಂದರು. ದಿನಾ ಹಾಲು, ಮೊಟ್ಟೆ. ಅಮ್ಮ ಗಂಡನಿಗಿಂತ ಮೊದಲು, ಕೂತುಕೊಂಡು, ಬಿಸಿಯಾಗಿ ಉಂಡದ್ದನ್ನು ಕದಿರಿ ನೋಡಿದ್ದು ಆಸ್ಪತ್ರೆಯಲ್ಲೇ ಮೊದಲು.

ನರ್ಸಮ್ಮ ಒಬ್ಬರಿದ್ದರು, ಬಾಯಿ ಜೋರು. ಎರಡು ಮುಷ್ಟಿ ಸೇರಿಸಿ, "ಈಗ ಹೊಟ್ಟೆ ಇಷ್ಟೈತೆ," ಎಂದರು. ಒಂದು ಮುಷ್ಟಿ ಕೆಳಗಿಳಿಸಿದರು. "ಆಪರೇಷನ್ ಆದ್ಮೇಲೆ ಇಷ್ಟೇ. ಅದಕ್ಕೆ ಈಗಿಂದಾನೇ ಅಗಿಯೋದು ಕಲೀಬೇಕು. ಆಮೇಲೆ ಕಲೀತೀನಿ ಅಂದ್ರೆ ಆಗಲ್ಲ."

"ಮುದ್ದೇನೂ ಅಗೀಬೇಕಾ ತಾಯಿ?" ಎಂದು ಅಮ್ಮ ನಾಚಿಕೆಯಿಂದ ಕೇಳಿದ್ದಳು.

"ಮುದ್ದೇನೂ ಅಗೀಬೇಕು, ಗಂಜೀನೂ ಅಗೀಬೇಕು. ಕಡಲೆಕಾಳಷ್ಟು ಬಾಯಿಗೆ ಹಾಕ್ಕೊ. ಅದು ಇಳಿದ ಮೇಲೆ ಇನ್ನೊಂದು. ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ. ಊಟದ ಜೊತೆ ನೀರು ಕುಡೀಬೇಡ. ಸಿಹಿ ಜಾಸ್ತಿ ಬೇಡ. ಉಪವಾಸಗಿಪವಾಸ ಅಂತ ಹೊಟ್ಟೆ ಖಾಲಿ ಬಿಟ್ಟೆಯೋ, ನಾನೇ ನಿಮ್ಮೂರಿಗೆ ಬಂದು ಬೈತೀನಿ." ಆಮೇಲೆ ಕದಿರಿಯ ಕಡೆ ತಿರುಗಿ, "ಏಯ್ ಮರಿ, ಎಲ್ಲಾ ಕೇಳಿಸ್ಕೊಂಡ್ಯಾ? ಊರಲ್ಲಿ ನೀನೇ ಇವಳಿಗೆ ನರ್ಸು," ಎಂದಿದ್ದರು.

ಅರ್ಧ ಹೊಟ್ಟೆ ತೆಗೆದ ಆಪರೇಷನ್ ಮುಗಿಸಿಕೊಂಡು ಊರಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವರು ತಂದುಕೊಟ್ಟ ಪಾಯಸವನ್ನು ಬೇಡವೆನ್ನಲಾಗದೆ ಅಮ್ಮ ಪೂರ್ತಿ ಕುಡಿದಳು. ಎದೆ ಡವಡವ ಹೊಡೆದುಕೊಂಡು, ಬೆವರಿ, ಮಲಗಿಬಿಟ್ಟಳು. ಅವತ್ತಿನಿಂದ ಕದಿರಿ ಕಾವಲು ಬಿಗಿ ಮಾಡಿದಳು. ಗೋಡೆಯ ಗೂಡಿನಲ್ಲಿ ಒಂದು ಪುಟ್ಟ ಹಿತ್ತಾಳೆ ಬಟ್ಟಲು. ಅದರ ತುಂಬ ಇದ್ದರೆ ಅಮ್ಮನ ಒಂದು ಊಟ.

ಅಮ್ಮ ನಿಜವಾಗಿಯೂ ಚೇತರಿಸಿಕೊಂಡಳು. ಹೊಟ್ಟೆ ಹಿಡಿದುಕೊಳ್ಳದೆ, ಬೆನ್ನು ಬಾಗಿಸದೆ, ನೆಟ್ಟಗೆ ಹೊಲಕ್ಕೆ ನಡೆದಳು. ಅಮ್ಮ ಇಷ್ಟು ಎತ್ತರ ಇದ್ದಾಳೆ ಅಂತ ಕದಿರಿಗೆ ಗೊತ್ತೇ ಇರಲಿಲ್ಲ.

ಆದರೆ ಅಜ್ಜಿ ಸಪ್ಪಲಮ್ಮನಿಗೆ ಆ ಬಟ್ಟಲು ಕಂಡರೆ ಆಗುತ್ತಿರಲಿಲ್ಲ.

"ಗಂಡ ಉಣ್ಣೋಕ್ ಮುಂಚೆ ಉಣ್ಣೋ ಸೊಸೇನ ನಾನು ಕಾಣೆ ಕಣವ್ವ! ಹೊತ್ತಾರೆ ಒಂದ್ಸಲ, ಬಿಸಿಲೇರಿದ ಮೇಲೆ ಒಂದ್ಸಲ. ಮನೇಲಿ ಬಾಣಂತಿ ಇಟ್ಕೊಂಡಂಗಾಯ್ತು."

ಅಮ್ಮ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹುಲ್ಲಿನ ಮೆದೆಯ ಹಿಂದೆ ಹೋಗಿ ತಿನ್ನುತ್ತಿದ್ದಳು. ಅಲ್ಲಿಯೇ ಮುನಿಸ್ವಾಮಿ ನೋಡಿದ್ದು.

ಅವತ್ತು ಸ್ಕೂಲಿನಿಂದ ಬಂದವಳೇ ಕದಿರಿ ಮೆದೆಯ ಹಿಂದಕ್ಕೆ ಹೋದಳು. ಮುರಿದ ಸ್ಲೇಟನ್ನು ಅಮ್ಮನ ಮುಂದೆ ಎಸೆದಳು.

"ಯಾಕಮ್ಮ ಕದ್ದು ತಿಂತೀಯ?"

"ಕದ್ದಲ್ಲ ಕಣೆ. ಮರೇಲಿ."

"ಎಲ್ಡೂ ಒಂದೇ! ಅಜ್ಜಿ ಮುಂದೇನೇ ಕೂತ್ಕೊಂಡು ತಿನ್ನು. ಡಾಕ್ಟ್ರು ಹೇಳವ್ರೆ ಅನ್ನು. ಯಾಕ್ ಹೆದ್ರುತೀಯ?"

ಅಮ್ಮ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ಮುಗಿಸಿದಳು. "ಜಗಳ ಆಡ್ತಾ ಕೂತ್ರೆ ಬಟ್ಟಲಲ್ಲಿರೋದು ಆರೋಗುತ್ತೆ ಕಣವ್ವ. ಮೊದ್ಲು ತಿಂತೀನಿ ಬಿಡು."

ಕದಿರಿಗೆ ಅಮ್ಮನ ಮೇಲೂ ಸಿಟ್ಟು ಬಂತು.

ಅಷ್ಟರಲ್ಲಿ ಹಿರಿಯರ ಹಬ್ಬ ಬಂತು. ಮನೆಯಲ್ಲಿ ಸತ್ತವರಿಗೆಲ್ಲ ಎಡೆ ಹಾಕುವ ಹಬ್ಬ. ಅವರಿಗೆ ಇಷ್ಟವಾದುದನ್ನೆಲ್ಲ ಮಾಡಿ, ಎಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುತ್ತಾರೆ. ಹಿರಿಯರು ಒಳಗೆ ಬಂದು ಉಂಡು ಹೋಗುತ್ತಾರಂತೆ. ಅಲ್ಲಿಯವರೆಗೆ ಅಡುಗೆ ಮಾಡಿದವರು ಒಂದು ಅಗುಳನ್ನೂ ಬಾಯಿಗೆ ಹಾಕುವ ಹಾಗಿಲ್ಲ.

ಬೆಳಗ್ಗೆ ಕದಿರಿ ಗೂಡಿನಿಂದ ಬಟ್ಟಲು ತೆಗೆದಳು. ಅಜ್ಜಿ ಅದನ್ನು ಕಿತ್ತುಕೊಂಡಳು.

"ಹಿರೇರಿಗಿಂತ ಮುಂಚೆ ಎಂಜಲು ಮಾಡ್ತೀರೇನೇ? ಮನೆ ಉಳೀತದಾ?"

"ಅಪ್ಪಾ!" ಎಂದಳು ಕದಿರಿ.

ಅಪ್ಪ ವೆಂಕಟರಾಯಪ್ಪ ಅಂಗಳದಲ್ಲಿ ಕೋಳಿಯ ಪುಕ್ಕ ತರಿಯುತ್ತಿದ್ದ. ತಲೆ ಎತ್ತಲಿಲ್ಲ. "ಒಂದಿನ ತಾನೆ. ತಡ್ಕೊಳ್ತಾಳೆ ಬಿಡು."

"ನರ್ಸಮ್ಮ ಹೇಳಿದ್ರಲ್ಲಪ್ಪ, ಹೊಟ್ಟೆ ಖಾಲಿ ಬಿಡಬೇಡಿ ಅಂತ!"

"ಅವ್ರು ಹೇಳಿದ್ದು ಬೆಂಗಳೂರಲ್ಲಿ. ಇದು ಊರು. ಸುಮ್ಕಿರು."

ಅಮ್ಮ ಬೆಳಗಿನಿಂದ ಒಲೆಯ ಮುಂದೆಯೇ ಇದ್ದಳು. ಕೋಳಿ ಸಾರು, ಬೇಯಿಸಿದ ಮೊಟ್ಟೆ, ವಡೆ, ಕಜ್ಜಾಯ, ಪಾಯಸ. ಅಪ್ಪ ಹೊಸ ಸೀರೆ ತರಲು ನೆಲಮಂಗಲಕ್ಕೆ ಹೋದ. ವಾಪಸ್ ಬರುವ ಬಸ್ಸು ಅರಿಶಿನಕುಂಟೆಯ ಹತ್ತಿರ ಕೆಟ್ಟು ನಿಂತಿತು. ಅವನು ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು.

ಆ ಸೀರೆ ಸೊಣ್ಣಮ್ಮ ದೊಡ್ಡಮ್ಮನಿಗೆ. ದೊಡ್ಡಪ್ಪನ ಹೆಂಡತಿ, ಈ ಮನೆಯ ಹಿರಿ ಸೊಸೆ. ಕದಿರಿ ಚಿಕ್ಕವಳಿದ್ದಾಗ ಅವಳೂ ಹೊಟ್ಟೆನೋವು ಅನ್ನುತ್ತಲೇ ರಕ್ತ ಕಾರಿಕೊಂಡು ಸತ್ತಿದ್ದಳು. ಅವಳನ್ನು ಯಾರೂ ಬೆಂಗಳೂರಿಗೆ ಕರೆದುಕೊಂಡು ಹೋಗಿರಲಿಲ್ಲ. ದೊಡ್ಡಪ್ಪ ಇನ್ನೊಂದು ಮದುವೆಯಾಗಿ ಹೊಸಕೋಟೆ ಕಡೆ ಹೋಗಿಬಿಟ್ಟಿದ್ದ. ಎಡೆ ಮಾತ್ರ ಇಲ್ಲಿ, ವರ್ಷಾ ವರ್ಷಾ.

ಎಲೆಗಳ ತುಂಬ ಬಡಿಸಿದರು. ಧೂಪ ಹಾಕಿದರು. ಅಪ್ಪ ಬಾಗಿಲು ಮುಚ್ಚಿದ. ಎಲ್ಲರೂ ಜಗುಲಿಯ ಮೇಲೆ ಕೂತರು.

ಅಮ್ಮ ಕಂಬಕ್ಕೆ ಒರಗಿದಳು. ಒರಗಿದವಳು ಮೆಲ್ಲಗೆ ಕೆಳಕ್ಕೆ ಜಾರಿದಳು. ಕದಿರಿ ಕೈ ಹಿಡಿದರೆ ಕೈ ತಣ್ಣಗೆ. ಹಣೆಯ ತುಂಬ ಬೆವರು.

"ಅಮ್ಮಾ?"

"ಏನಿಲ್ಲ ಕಣೆ... ಕಣ್ಣು ಕತ್ಲೆ ಬಂತು, ಅಷ್ಟೆ."

"ಅಪ್ಪಾ, ಬಾಗಿಲು ತೆಗಿ!"

"ಹಿರೇರು ಉಣ್ತಾವ್ರೆ," ಎಂದ ಅಪ್ಪ. ಅರ್ಧ ಎದ್ದವನು ಮತ್ತೆ ಕೂತ. "ಇನ್ನೊಂದ್ ಗಳಿಗೆ..."

ಕದಿರಿ ಎದ್ದಳು. ಓಡಿಹೋಗಿ ಎರಡೂ ಕೈಯಿಂದ ಬಾಗಿಲನ್ನು ತಳ್ಳಿದಳು.

ಒಳಗೆ ಧೂಪದ ಹೊಗೆ. ಒಂದು ಕ್ಷಣ ಅವಳಿಗೆ ಭಯವಾಯಿತು. ಎಲೆಗಳ ಮುಂದೆ ಯಾರಾದರೂ ಕೂತಿದ್ದರೆ? ಕಣ್ಣುಜ್ಜಿಕೊಂಡು ನೋಡಿದಳು. ಯಾರೂ ಇರಲಿಲ್ಲ. ಪಾಯಸದ ಮೇಲೆ ನೊಣ ಕೂತಿತ್ತು. ಬಡಿಸಿದ ಅನ್ನದಲ್ಲಿ ಒಂದು ಅಗುಳೂ ಕದಲಿರಲಿಲ್ಲ.

ಒರಳಿನ ಮೇಲೆ ಹತ್ತಿ, ಅಜ್ಜಿ ಎತ್ತಿಟ್ಟಿದ್ದ ಬಟ್ಟಲನ್ನು ತೆಗೆದಳು. ಅಪ್ಪ ತಂದ ಹಸಿರು ಸೀರೆ ಇಟ್ಟಿದ್ದ ಎಲೆಯ ಮುಂದೆ ಕೂತಳು. ಪಾಯಸಕ್ಕೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಸಿಹಿ ಬೇಡ. ಬೇಯಿಸಿದ ಮೊಟ್ಟೆ. ಒಂದು ಹಿಡಿ ಅನ್ನ. ಮೇಲೆ ಸ್ವಲ್ಪ ಸಾರು.

ಹೊರಗೆ ಬರುತ್ತಲೇ ಅಜ್ಜಿ ಎದೆ ಬಡಿದುಕೊಂಡಳು. "ಅಯ್ಯೋ ಪಾಪಿ ಮುಂಡೇದೇ! ಸತ್ತವ್ರ ಎಡೆಗೆ ಕೈ ಹಾಕುದ್ಯಲ್ಲೇ!"

"ಹೂಂ, ಹಾಕ್ದೆ!" ಎಂದು ಕದಿರಿ ಕೂಗಿದಳು. "ಸೊಣ್ಣಮ್ಮ ದೊಡ್ಡಮ್ಮನ ಎಲೆಯಿಂದಾನೇ ತಗೊಂಡೆ. ಸತ್ತ ಮೇಲೆ ಅವ್ಳಿಗೆ ಮೊದ್ಲು ಊಟ, ಹೊಸ ಸೀರೆ. ಬದುಕಿದ್ದಾಗ ಯಾಕಜ್ಜಿ ಹಾಕ್ಲಿಲ್ಲ? ನಮ್ಮಮ್ಮಂಗೂ ಸತ್ತ ಮೇಲೇ ಹಾಕ್ತೀರಾ? ಹೇಳು, ಸತ್ತ ಮೇಲೇನಾ?"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತುಬಿಟ್ಟರು. ಅವರಲ್ಲಿ ಮುನಿಸ್ವಾಮಿಯೂ ಇದ್ದ. ಅಜ್ಜಿಯ ಎತ್ತಿದ ಕೈ ಎತ್ತಿದ ಹಾಗೇ ಇತ್ತು.

ಕದಿರಿ ನೆಲದ ಮೇಲೆ ಕೂತು ಕಡಲೆಕಾಳಷ್ಟು ಮೊಟ್ಟೆ ಮುರಿದಳು. "ಅಮ್ಮ, ಬಾಯಿ ತೆಗಿ."

ಅಮ್ಮ ಅಪ್ಪನ ಮುಖ ನೋಡಿದಳು. ಅಜ್ಜಿಯ ಮುಖ ನೋಡಿದಳು. ಆಮೇಲೆ ಯಾರ ಮುಖವನ್ನೂ ನೋಡದೆ ಬಾಯಿ ತೆರೆದಳು.

ಅಗಿದಳು. ಎಲ್ಲರ ಎದುರಿಗೆ, ನಡುಬೀದಿಗೆ ಕಾಣುವ ಜಗುಲಿಯ ಮೇಲೆ, ನಿಧಾನವಾಗಿ ಅಗಿದಳು. ಅದು ಇಳಿಯಿತು. ಇನ್ನೊಂದು ಚೂರು. ಯಾರೂ ನಗಲಿಲ್ಲ. ಅಪ್ಪ ಗಾಬರಿಯಿಂದ ನೀರಿನ ಚೊಂಬು ಹಿಡಿದು ಬಂದ.

"ಊಟದ ಜೊತೆ ನೀರು ಬೇಡ!" ಎಂದು ಕದಿರಿ ಗದರಿದಳು. ಅಪ್ಪ ಚೊಂಬನ್ನು ಹಿಡಿದುಕೊಂಡೇ ನಿಂತ.

ಬಟ್ಟಲು ಖಾಲಿಯಾಗುವ ಹೊತ್ತಿಗೆ ಅಮ್ಮನ ಕೈಗೆ ಬಿಸಿ ಬಂದಿತ್ತು. ಅಜ್ಜಿ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಸೊಣ್ಣಿಗೆ ಮೊಟ್ಟೆ ಅಂದ್ರೆ ಜೀವ," ಎಂದಳು. "ಅವ್ಳು ಕೇಳ್ಲೂ ಇಲ್ಲ. ನಾನು ಇಕ್ಲೂ ಇಲ್ಲ."

ಅವತ್ತು ಎಲ್ಲರ ಊಟ ಮುಗಿಯಿತು. ಕದಿರಿ ಅಜ್ಜಿಯ ಕಡೆ ನೋಡಲಿಲ್ಲ. ಕೈ ತೊಳೆಯಲು ಹೋಗುತ್ತಿದ್ದವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ಅಜ್ಜಿ ಒಲೆಯ ಪಕ್ಕ ಒಬ್ಬಳೇ ಕೂತಿದ್ದಳು. ಸೊಂಟದ ಮೇಲೆ, ಹೊಟ್ಟೆಗೆ ಬಿಗಿಯಾಗಿ ಕಟ್ಟಿಕೊಂಡಿದ್ದ ಒದ್ದೆ ಬಟ್ಟೆಯನ್ನು ಬಿಚ್ಚುತ್ತಿದ್ದಳು. ಬಿಚ್ಚಿ ಪಕ್ಕಕ್ಕಿಟ್ಟು, ಮುದ್ದೆ ಪಾತ್ರೆಯ ತಳಕ್ಕೆ ಹತ್ತಿದ್ದನ್ನು ಬೆರಳಿನಿಂದ ಕೆರೆಯತೊಡಗಿದಳು. ಅವಳ ಮುಂದೆ ಎಲೆ ಇರಲಿಲ್ಲ.

"ಅಜ್ಜಿ, ನಿಂಗೆ ಊಟ?"

"ಇದೇನು ಮಣ್ಣಾ?" ಎಂದಳು ಅಜ್ಜಿ, ತಿರುಗದೆ. "ನಾನು ಯಾವತ್ತು ಮುಂಚೆ ಉಂಡಿದ್ದೆ? ನಮ್ಮತ್ತೆ ಕಾಲದಿಂದ ನಂಗೆ ತಳದ್ದೇ. ಹೋಗ್ ಮಲಕ್ಕೊ."

ಕದಿರಿ ಆ ಒದ್ದೆ ಬಟ್ಟೆಯನ್ನೇ ನೋಡುತ್ತ ನಿಂತಳು. ಅಮ್ಮ ಬಿಸಿನೀರಿನ ಚೊಂಬು ಒತ್ತಿಕೊಳ್ಳುತ್ತಿದ್ದ ಜಾಗವೂ ಅದೇ.

ಮರುದಿನ ಬೆಳಗ್ಗೆ ಅಮ್ಮ ಬಟ್ಟಲು ಹಿಡಿದು ಹಿತ್ತಲಿಗೆ ಹೊರಡಲಿಲ್ಲ. ಒಲೆಯ ಮುಂದೆಯೇ ಕೂತಳು. ಕದಿರಿ ಎರಡು ಬಟ್ಟಲು ತಂದಿಟ್ಟಳು.

"ಇದ್ಯಾರಿಗೆ?" ಎಂದಳು ಅಜ್ಜಿ.

"ನಿಂಗೆ."

"ನಂಗೇನ್ ಆಪ್ರೇಷನ್ ಆಗೈತೇನೇ?"

"ಆಗೋಕ್ ಮುಂಚೇನೇ ತಿನ್ನು."

"ನಾಲಿಗೆ ನೋಡು ಇದ್ರುದು! ಇದೂ ನರ್ಸಮ್ಮ ಕಲ್ಸಿದ್ದಾ?" ಅಜ್ಜಿ ಬೈಯುತ್ತಲೇ ಕೂತಳು. ಮುದ್ದೆ ಮುರಿದು, ಅಭ್ಯಾಸದಂತೆ ನುಂಗಲು ಹೋದವಳು, ಅಮ್ಮನ ಕಡೆ ಓರೆಗಣ್ಣಿನಲ್ಲಿ ನೋಡಿ ತಡೆದಳು. ಮೆಲ್ಲಗೆ ಅಗಿದಳು. ಉಳಿದಿದ್ದ ನಾಲ್ಕು ಹಲ್ಲಿಗೂ ಮುದ್ದೆ ಅಂಟಿಕೊಂಡಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕದಿರಿಗೆ ನಗು ಬರಲಿಲ್ಲ. ಅವಳ ಸಿಟ್ಟು ಇನ್ನೂ ಆರಿರಲಿಲ್ಲ. ಆದರೆ ಅದು ಈಗ ಅಜ್ಜಿಯ ಮೇಲೆ ಇರಲಿಲ್ಲ. ದಾರದಲ್ಲಿ ಕಟ್ಟಿದ ಸ್ಲೇಟನ್ನು ಕಂಕುಳಲ್ಲಿ ಇಟ್ಟುಕೊಂಡು, ಇಬ್ಬರ ಬಟ್ಟಲೂ ಖಾಲಿಯಾಗುವವರೆಗೆ ಅವಳು ಬಾಗಿಲಲ್ಲೇ ನಿಂತಿದ್ದಳು. ಸ್ಕೂಲಿನ ಗಂಟೆ ಹೊಡೆದುಹೋಗಿತ್ತು.