ಗಾಳೆಮ್ಮನ ಮಬ್ಬು ನೀರು

“ಆ ಚೀಲ ಚೆಲ್ಲಬ್ಯಾಡ್ರಿ!”

ಬಾಗಿಲಲ್ಲಿ ನಿಂತು ಕೂಗಿದ ಅಪರಿಚಿತ ಡಾಕ್ಟರನ್ನು ಕಂಡು ಗಾಳೆಮ್ಮ ನಾಚಿಕೆಯಿಂದ ಮುದುಡಿದಳು. ನರ್ಸ್ ಕೈಯಲ್ಲಿದ್ದ ಚೀಲದಲ್ಲಿ ಅವಳ ಹೊಟ್ಟೆಯಿಂದ ಇಳಿಸಿದ ನೀರಿತ್ತು. ದಿನವೂ ತಿಳಿಯಾಗಿ ಬರುತ್ತಿದ್ದದ್ದು ಅಂದು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು.

ಅದು ೧೯೯೬ರ ಬೇಸಿಗೆ. ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದ ಗಾಳೆಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ಹೊಟ್ಟೆಗೆ ಕೂಡಿಸಿದ ನಳಿಕೆಯಿಂದ ಔಷಧದ ನೀರು ತುಂಬಿ, ಇಳಿಸಿ, ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುತ್ತಿದ್ದಳು. ಈಗ ಹೊಟ್ಟೆಯೊಳಗೆ ಸೋಂಕು ತಗುಲಿ ಹೊಸಪೇಟೆಯ ಆಸ್ಪತ್ರೆ ಸೇರಿದ್ದಳು. ಮುಟ್ಟಿದರೆ ಜೀವ ಹೋಗುವಂಥ ನೋವು!

ಬಂದವನು ಕಂಪ್ಲಿಯ ಡಾಕ್ಟರ್ ಗವಿಸಿದ್ದಪ್ಪ. ಅವಳ ಚಿಕಿತ್ಸೆಯನ್ನು ಅವನಿಗೆ ವಹಿಸಿದ್ದರು; ಇಂಥ ಸೋಂಕಿನ ಮೇಲೆ ಸಂಶೋಧನೆಯನ್ನೂ ಮಾಡುತ್ತಿದ್ದ.

“ಇದರಾಗ ಏನೈತ್ರಿ?” ಗಾಳೆಮ್ಮ ಕೇಳಿದಳು.

“ಸೋಂಕು ಬಂದಾಗ ಜೀವಕೋಶ ಒಂದಕ್ಕೊಂದು ಸುದ್ದಿ ಮುಟ್ಟಿಸ್ತಾವ್ರಿ. ಆ ಸುದ್ದಿ ಒಯ್ಯೋ ಕಣಕ್ಕ ಇಂಟರ್‌ಲೂಕಿನ್ ಅಂತಾರ. ಔಷಧಿ ಹತ್ತಿದ್ರ ಅವು ಇಳೀತಾವ. ಇಳೀಲಿಲ್ಲಂದ್ರ...”

“ಹೇಳ್ರಿ. ನಾ ಅಂಜಂಗಿಲ್ಲ.”

“ನಳಿಕಿ ತೆಗೀಬೇಕಾಗಬಹುದ್ರಿ. ಜೀವಕ್ಕೂ ಅಪಾಯ ಐತಿ.”

ಅವನು ಸುಳ್ಳು ಧೈರ್ಯ ಹೇಳಲಿಲ್ಲ. ಅದೇ ಅವಳಿಗೆ ಹಿಡಿಸಿತು.

ಆಮೇಲೆ ದಿನವೂ ಬಂದ. ನೀರಿನ ಮಾದರಿಯನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದ ಮೇಲೂ ಬಂದು ಕುಳಿತಿರುತ್ತಿದ್ದ. ಜ್ವರ ಏರಿದಾಗ ಅವಳು ಅವನ ಹೆಜ್ಜೆ ಸಪ್ಪಳಕ್ಕೇ ಕಾಯುತ್ತಿದ್ದಳು...

ಒಂದು ಬೆಳಿಗ್ಗೆ ಬಾಗಿಲಾಚೆ ಹಿರಿಯ ಡಾಕ್ಟರೊಡನೆ ಮಾತಾಡುತ್ತಿದ್ದ ಅವನ ದನಿ ಕೇಳಿಸಿತು.

“ಗಾಳೆಮ್ಮನವರ ಕೇಸ್ ನನಗ ಬ್ಯಾಡ್ರಿ ಸರ್. ಬ್ಯಾರೆಯವರಿಗೆ ಕೊಡ್ರಿ.”

ಕೇಸ್! ಅವಳ ಎದೆ ಒಡೆಯಿತು. ‘ನನ್ನ ಹೊಟ್ಟೆಯ ನೀರಿಗಷ್ಟೇ ಬಂದಿದ್ದನೇ? ಕೆಲಸ ಮುಗಿಯಿತೇ?’

ಅಂದಿನಿಂದ ಅವನು ಬರಲಿಲ್ಲ. ಬೇರೆ ಡಾಕ್ಟರ್ ಔಷಧಿ ಬದಲಿಸಿದರು. ಜ್ವರ ಇಳಿಯಿತು, ನಿಧಾನವಾಗಿ ನೀರು ತಿಳಿಯಾಯಿತು, ನಳಿಕೆ ಉಳಿಯಿತು. ಆದರೂ ಅವಳಿಗೆ ಸಂತೋಷವಾಗಲಿಲ್ಲ.

ಮನೆಗೆ ಬಂದು ಕೆಲವು ವಾರಗಳಾಗಿದ್ದವು. ಅವಳು ಮತ್ತೆ ಕೆಲಸಕ್ಕೆ ಹೋದ ದಿನ ಕಾಲುವೆ ಆಫೀಸಿನ ಮೆಟ್ಟಿಲ ಬಳಿ ಗವಿಸಿದ್ದಪ್ಪ ನಿಂತಿದ್ದ.

“ಮತ್ತ ಯಾಕ ಬಂದ್ರಿ? ಕೇಸ್ ಬ್ಯಾಡ ಅಂದವರು!” ಅವಳ ಕಣ್ಣು ತುಂಬಿ ಬಂತು.

ಅವನು ಒಂದು ಹೆಜ್ಜೆ ಹತ್ತಿರ ಬಂದ.

“ಕೇಳಿಸ್ಕೊಂಡ್ರೇನು?... ಲ್ಯಾಬಿನ ರಿಪೋರ್ಟ್ ಬಂದಿತ್ರಿ. ಆ ಕಣ ಇಳಿದಿರಲಿಲ್ಲ. ಔಷಧಿ ಬದಲಿಸೋದೋ, ನಳಿಕಿ ತೆಗೆಯೋದೋ, ಆಗಿಂದಾಗ ಹೇಳಬೇಕಿತ್ತು. ನನ್ನಿಂದ ಆಗಲಿಲ್ರಿ. ನಿಮ್ಮ ಮ್ಯಾಲೆ ಮನಸಿಟ್ಟವ ನಿಮ್ಮ ಡಾಕ್ಟರ್ ಆಗಬಾರದ್ರಿ. ಅದಕ್ಕ ಬಿಟ್ಟೆ. ನನ್ನ ಸಂಶೋಧನೆದಾಗಿಂದ ನಿಮ್ಮ ಹೆಸರನೂ ತೆಗದೆ.”

ಗಾಳೆಮ್ಮ ಮೆಟ್ಟಿಲ ಮೇಲೆ ಕುಳಿತಳು.

“ನನಗ ಸೋಂಕು ಮತ್ತ ಬರಬಹುದು. ಭಾಳ ವರ್ಷ ಇರ್ತೀನಿ ಅಂತ ಹೇಳಾಕ ಬರಂಗಿಲ್ಲ.”

“ಗೊತ್ತೈತ್ರಿ.”

“ಮಕ್ಕಳಾಗೋದೂ...”

“ಅದೂ ಗೊತ್ತೈತಿ, ಗಾಳೆಮ್ಮ. ಗೊತ್ತಿದ್ದೇ ನಿನ್ನ ಕೇಳಾಕ ಬಂದೀನಿ.”

ಮೊದಲ ಬಾರಿ ಏಕವಚನದಲ್ಲಿ ಕರೆದಿದ್ದ! ಅವಳು ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು.

“ಕುಂದ್ರಿ. ಅವ್ವ ಬುತ್ತಿ ತರೋ ಹೊತ್ತಾತು. ಆಕಿಗೆ ನೀವೇ ಹೇಳಬೇಕು.”

“ಬೈದ್ರ?”

“ಇಬ್ರೂ ಕೂಡೇ ಬೈಸ್ಕೊಳ್ಳೋಣ...”